‘ಕೈ ಕಟ್ಟಬ್ಯಾಡ್ರಿ’: ಬ್ಯಾಡಗಿಯ ಒಬ್ಬ ಹಮಾಲರ ಪ್ರಕರಣ

ರಾತ್ರಿ ಹನ್ನೊಂದೂವರೆ. ಐಸಿಯು ಹೊರಗೆ, ಜನ ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಡ್ಯೂಟಿ ಡಾಕ್ಟರ್ ಮಗನನ್ನು ಕೇಳಿದರು. ‘ವೆಂಟಿಲೇಟರ್ ಬೇಕಾಗಬಹುದು. ಹಾಕೋದಾ, ಬೇಡ್ವಾ? ಬೇಗ ಹೇಳಿ.’

‘ನೀವ ಡಾಕ್ಟರ್ರು. ನೀವ ಹೇಳ್ರಿ.’

‘ನಾವು ಹೇಳೋ ಹಾಗಿಲ್ಲ. ಡಿಸಿಷನ್ ನಿಮ್ಮದು.’

‘ಹಂಗಾದ್ರ ಎಲ್ಲಾ ಮಾಡ್ರಿ.’

ಇಷ್ಟೇ ಮಾತುಕತೆ. ಒಂದು ನಿಮಿಷವೂ ಹಿಡಿದಿಲ್ಲ. ಆ ರಾತ್ರಿ ಬೈಪ್ಯಾಪ್ ಮಾಸ್ಕಿನಲ್ಲೇ, ಅಂದರೆ ಗಾಳಿ ಒತ್ತಿ ಉಸಿರಿಗೆ ನೆರವಾಗುವ ಮಾಸ್ಕಿನಲ್ಲೇ, ರೋಗಿ ಚೇತರಿಸಿಕೊಂಡರು. ವೆಂಟಿಲೇಟರಿಗಾಗಿ ಗಂಟಲಿಗೆ ನಳಿ ಹಾಕುವ ಪ್ರಸಂಗ ಬರಲಿಲ್ಲ. ಆರನೇ ದಿನ ಮನೆಗೆ ಹೋದರು. ಆದರೆ ‘ಎಲ್ಲಾ ಮಾಡ್ರಿ’ ಅನ್ನೋ ಮಾತು ಆ ಡಾಕ್ಟರ್ ಕಿವಿಯಲ್ಲೇ ಉಳಿಯಿತು. ಎಲ್ಲಾ ಅಂದರೆ ಏನೇನು ಅಂತ ಮಗನಿಗೆ ಗೊತ್ತಿರಲಿಲ್ಲ. ಅದನ್ನು ತಾನೂ ಹೇಳಲಿಲ್ಲ ಅಂತ ಅವರಿಗೆ ಮನೆಗೆ ಹೋದ ಮೇಲೆ ಹೊಳೆಯಿತಂತೆ.

ಮೂರು ವಾರ ಬಿಟ್ಟು ಅವರು ಹುಬ್ಬಳ್ಳಿಯ ನಮ್ಮ ತರಬೇತಿಗೆ ಬಂದರು. ಕಾಯಿಲೆ ಜೋರಾಗಿರುವವರ ಜೊತೆ ಮುಂದಿನ ದಿನಗಳ ಬಗ್ಗೆ ಮೊದಲೇ ಕೂತು ಮಾತಾಡೋದು ಹೇಗೆ ಅಂತ ಡಾಕ್ಟರ್‌ಗಳಿಗೆ, ನರ್ಸ್‌ಗಳಿಗೆ ಕಲಿಸಲು ಪ್ಯಾಲಿಯೇಟಿವ್ ಕೇರ್ (ದೊಡ್ಡ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ) ಕೆಲಸದ ನಾವು ಕೆಲವರು ಸೇರಿ ನಡೆಸುವ ಎರಡು ದಿನದ ತರಬೇತಿ ಅದು. ಬರುವವರು ತಮ್ಮ ಕೈಯಲ್ಲಿ ಕೆಟ್ಟುಹೋದ ಒಂದು ಮಾತುಕತೆ ತರಬೇಕು, ಅದೊಂದೇ ಷರತ್ತು. ಅವರು ತಂದದ್ದು ಇದನ್ನು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ.

ರೋಗಿ

ವಯಸ್ಸು 69. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಹಮಾಲಿ. ಹದಿನಾರನೇ ವಯಸ್ಸಿನಿಂದ ಬೀಡಿ, ದಿನಕ್ಕೆ ಒಂದು ಕಟ್ಟು. ಐದು ವರ್ಷದ ಹಿಂದೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘ ಕಾಯಿಲೆ, ಅಂತ ಗೊತ್ತಾಯಿತು. ಅವರ ಬಾಯಲ್ಲಿ ಅದು ‘ದಮ್ಮು’. ಬೀಡಿ ಬಿಟ್ಟದ್ದು ಎರಡು ವರ್ಷದ ಹಿಂದೆ. ಹೃದಯದ ಬಲಭಾಗಕ್ಕೂ ಭಾರ ಬಿದ್ದು ಕಾಲು ಬಾವು. ಒಂದು ವರ್ಷದಲ್ಲಿ ಮೂರು ಸಲ ಅಡ್ಮಿಟ್. ಮನೆಯಲ್ಲಿ ಆಕ್ಸಿಜನ್ ಮಶೀನು, ದಿನಕ್ಕೆ ಕನಿಷ್ಠ 15 ಗಂಟೆ. ಪಡಸಾಲೆಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಲ್ಲಬೇಕು.

ಮೂರನೇ ಅಡ್ಮಿಷನ್, ಅಂದರೆ ಮೇಲೆ ಹೇಳಿದ್ದು, ಹೇಗಾಯಿತು ಅನ್ನೋದು ಮುಖ್ಯ. ಇಂಥ ರೋಗಿಗಳಿಗೆ ಬೆರಳಿಗೆ ಹಾಕುವ ಮೀಟರ್‌ನಲ್ಲಿ ರಕ್ತದ ಆಕ್ಸಿಜನ್ ಶೇಕಡಾ 88ರಿಂದ 92 ಇದ್ದರೆ ಸಾಕು. ಒಂದು ದಿನ ಮಗ ನೋಡಿದಾಗ 86. ಗಾಬರಿಬಿದ್ದು ಮಶೀನಿನ ತಿರುಪನ್ನು 2 ಲೀಟರ್‌ನಿಂದ 5ಕ್ಕೆ ತಿರುಗಿಸಿದ. ನಂಬರ್ 97 ಆಯಿತು, ಮಗನಿಗೆ ಸಮಾಧಾನ. ಒಳಗೆ ಕಾರ್ಬನ್ ಡೈಆಕ್ಸೈಡ್ ಏರಿ ಅಪ್ಪ ಮಂಪರಿಗೆ ಜಾರಿದರು. ಮಗ ಅಪ್ಪನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುವವನೇ. ಹಿಂದಿನ ಎರಡು ಡಿಸ್ಚಾರ್ಜ್‌ನಲ್ಲೂ ಈ ಲೆಕ್ಕವನ್ನು ಯಾರೂ ಅವನಿಗೆ ಬಿಡಿಸಿ ಹೇಳಿರಲಿಲ್ಲ. ಇನ್ನು ಕಾಯಿಲೆ ಮುಂದೆ ಎಲ್ಲಿಗೆ ಹೋಗುತ್ತೆ ಅನ್ನೋದನ್ನು ಯಾರು ಹೇಳ್ತಾರೆ?

ಸಿಒಪಿಡಿಯಲ್ಲಿ ಆ ಮಾತು ತಪ್ಪಿಹೋಗೋದು ಸುಲಭ. ಬೀಳ್ತಾರೆ, ಏಳ್ತಾರೆ. ಎದ್ದಾಗೆಲ್ಲ ಮೊದಲಿಗಿಂತ ಒಂದು ಮೆಟ್ಟಿಲು ಕೆಳಗೆ. ಎದ್ದು ಕೂತಾಗ ‘ಆರಾಮಾಗಿದ್ದಾರಲ್ಲ, ಈಗ್ಯಾಕೆ ಆ ಮಾತು’ ಅನಿಸುತ್ತೆ. ಬಿದ್ದಾಗ ಮಾತಾಡುವ ಉಸಿರೇ ಅವರಿಗಿರಲ್ಲ. ಹಾಗಾಗಿ ಅದು ಚಪ್ಪಲಿ ಬಿಡುವ ಜಾಗದಲ್ಲೇ ಆಗುತ್ತೆ, ಅದೂ ಮಗನ ಜೊತೆ. ತರಬೇತಿಯಲ್ಲಿ ಡಾಕ್ಟರ್ ತನಗೆ ತಾನೇ ಕೇಳಿಕೊಳ್ಳಲಿ ಅಂತ ಒಂದು ಹಳೆಯ ಪ್ರಶ್ನೆ ಕೊಡುತ್ತೇವೆ: ಇವರು ಇನ್ನೊಂದು ವರ್ಷದೊಳಗೆ ತೀರಿಕೊಂಡರು ಅಂತ ಸುದ್ದಿ ಬಂದರೆ ನನಗೆ ಆಶ್ಚರ್ಯ ಆಗುತ್ತಾ? ಆಗಲ್ಲ ಅಂತಾದರೆ ಮಾತು ಶುರುಮಾಡುವ ಹೊತ್ತಾಯಿತು ಅಂತ ಅರ್ಥ. ಡಾಕ್ಟರ್ ಯೋಚಿಸಲೂ ಇಲ್ಲ. ‘ಆಗಲ್ಲ’ ಅಂದರು.

ಜೋಳದ ರೊಟ್ಟಿ

ಈ ಮಾತುಕತೆ ಕಲಿಸಲು ಚೌಕಟ್ಟುಗಳಿಗೇನೂ ಬರ ಇಲ್ಲ. 2000ದಲ್ಲಿ ಬೇಲ್, ಬಕ್‌ಮನ್ ಮತ್ತು ಸಂಗಡಿಗರು ಬರೆದ, ಕೆಟ್ಟ ಸುದ್ದಿ ಹೇಳುವ ಸ್ಪೈಕ್ಸ್ ಅನ್ನೋ ಆರು ಹೆಜ್ಜೆ ಇದೆ. ಜಾಗ ನೋಡಿ ಕೂರಬೇಕು, ಅವರಿಗೆ ಎಷ್ಟು ಗೊತ್ತಿದೆ ಕೇಳಬೇಕು, ಎಷ್ಟು ತಿಳಿಯೋ ಮನಸ್ಸಿದೆ ಕೇಳಬೇಕು, ಆಮೇಲೆ ಹೇಳಬೇಕು, ಅಳು ಬಂದರೆ ಅಳೋದಕ್ಕೆ ಬಿಡಬೇಕು, ಕೊನೆಗೆ ಮುಂದಿನ ದಾರಿ ಕೂಡಿ ನೋಡಬೇಕು. ಬಾಸ್ಟನ್ನಿನಲ್ಲಿ ಸರ್ಜನ್ ಅತುಲ್ ಗವಾಂಡೆ ಕಟ್ಟಿದ ಏರಿಯಡ್ನಿ ಲ್ಯಾಬ್ಸ್ ಸಂಸ್ಥೆಯವರದ್ದು ಇಂಥ ಮಾತುಕತೆಗೆ ಒಂದು ಪ್ರಶ್ನೆಗಳ ಹಾಳೆ ಇದೆ. ನಮ್ಮ ಎಂಬಿಬಿಎಸ್ ಪಠ್ಯದಲ್ಲೂ 2019ರಿಂದ ನಡವಳಿಕೆ, ಮಾತುಕತೆ ಕಲಿಸುವ ‘ಆಟ್‌ಕಾಮ್’ ಬಂದಿದೆ. ಆ ಬಾಸ್ಟನ್ ಹಾಳೆಯನ್ನು ನಾನೇ ಕನ್ನಡಕ್ಕೆ ತಂದಿದ್ದೆ. ಸ್ವಲ್ಪ ಹೆಮ್ಮೆನೂ ಇತ್ತು. ಶನಿವಾರ ಬೆಳಗ್ಗೆ ಎಲ್ಲರಿಗೂ ಹಂಚಿದೆವು.

ರೋಗಿಯ ಪಾತ್ರಕ್ಕೆ ನಾವು ನಟರನ್ನು ಕರೆಸಲ್ಲ. ಕುಂದಗೋಳ ಕಡೆಯ ಒಬ್ಬ ನಿವೃತ್ತ ಸಿಸ್ಟರ್ ನಮ್ಮ ಜೊತೆ ಇದ್ದಾರೆ. ವಾರ್ಡಿನಲ್ಲೇ ಜೀವನ ಸವೆಸಿದವರು. ತಲೆಗೊಂದು ಟವೆಲ್ ಸುತ್ತಿಕೊಂಡು, ಎರಡೂ ಅಂಗೈ ಮೊಣಕಾಲಿಗೆ ಊರಿ ಮುಂದೆ ಬಾಗಿ ಕೂತರು ಅಂದರೆ ಸಾಕು, ದಮ್ಮಿನ ಅಜ್ಜನೇ. ಡಾಕ್ಟರ್ ಮೈಸೂರು ಕಡೆಯವರು. ಹಾಳೆ ಹಿಡಿದು ಕೇಳಿದರು.

‘ನಿಮ್ಮ ಮುಖ್ಯ ಗುರಿಗಳು ಯಾವುವು?’

‘ಗುರಿ ಏನ್ರೀ? ಎಪ್ಪತ್ತ ಬಂತು.’

‘ನಿಮಗೆ ಶಕ್ತಿ ಎಲ್ಲಿಂದ ಬರುತ್ತೆ?’

‘ಜ್ವಾಳದ ರೊಟ್ಟಿರಿ.’

ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ, ಪೆಚ್ಚಾಗಿ.

ಊಟದ ತನಕ ಹಾಳೆ ಬದಿಗಿಟ್ಟೆವು. ನಮ್ಮ ಕಡೆ ಜನ ಕಾಯಿಲೆ, ಸಾವಿನ ಬಗ್ಗೆ ನಿಜವಾಗಿ ಹೇಗೆ ಮಾತಾಡ್ತಾರೆ ಅಂತ ಗೋಡೆಗೆ ಅಂಟಿಸಿದ ಕಾಗದದ ಮೇಲೆ ಬರೆಯುತ್ತಾ ಹೋದೆವು. ಮೊದಲು ಬಂದದ್ದು ‘ತ್ರಾಸ’. ನೋವು ಇದೆಯಾ ಅಂದರೆ ಇಲ್ಲ ಅಂತಾರೆ. ತ್ರಾಸ ಏನೈತ್ರಿ ಅಂದರೆ ಅರ್ಧ ಗಂಟೆ ಹೇಳ್ತಾರೆ. ಉಸಿರು, ನಿದ್ದೆ, ಸೊಸೆ, ಸಾಲ ಎಲ್ಲ ಅದರೊಳಗೆ ಬರುತ್ತೆ. ಆಮೇಲೆ ‘ಆರಾಮ’. ಇನ್ನೊಂದು ಕಡೆ ಡಾಕ್ಟರ್‌ಗಳ ಬಗ್ಗೆ ಜನ ಆಡುವ ಮಾತು: ‘ಕೈ ಬಿಟ್ರು’, ‘ಮನಿಗೆ ಒಯ್ರಿ ಅಂದ್ರು’. ‘ಇನ್ನೇನೂ ಮಾಡೋಕಾಗಲ್ಲ’ ಅಂತ ನಾವು ಹೇಳಿದ ಕೂಡಲೇ ಅವರ ಕಿವಿಗೆ ಬೀಳೋದು ಇದೇ, ಅಲ್ವಾ? ಆ ವಾಕ್ಯಕ್ಕೆ ಕೆಂಪು ಗೆರೆ ಎಳೆದೆವು.

ಪ್ರಶ್ನೆಗಳನ್ನು ಹೊಸದಾಗಿ ಕಟ್ಟಿದ್ದು ಬಹುಪಾಲು ಸಿಸ್ಟರ್ ಮತ್ತು ಗದಗಿನಿಂದ ಬಂದಿದ್ದ ಇಬ್ಬರು ಸ್ಟಾಫ್ ನರ್ಸ್‌ಗಳು. ಗುರಿ ಹೋಗಿ ‘ಇಷ್ಟಾದ್ರ ಸಾಕಪಾ ಅನ್ನುವಂಥಾದ್ದು ಏನೈತ್ರಿ ನಿಮಗ?’ ಬಂತು. ಭಯ ಹೋಗಿ ‘ರಾತ್ರಿ ನಿದ್ದಿ ಹತ್ತಲಿಲ್ಲ ಅಂದ್ರ ತಲ್ಯಾಗ ಏನ್ ಓಡತೈತ್ರಿ?’ ಬಂತು. ಶಕ್ತಿಯ ಮೂಲದ ಜಾಗಕ್ಕೆ ‘ಯಾರ್ ಬಾಜೂಕ ಇದ್ರ ಧೈರ್ಯ ಅನಸತೈತಿ?’ ಬಂತು. ಮೈಸೂರಿನ ಡಾಕ್ಟರ್‌ಗೆ ದಿಗಿಲು. ಇದನ್ನೆಲ್ಲ ನಾನು ಹೀಗೇ ಹೇಳಬೇಕಾ ಅಂದರು. ಸಿಸ್ಟರ್ ಹೇಳಿದ್ದು ನನಗೆ ಬಹಳ ಹಿಡಿಸಿತು. ‘ನಮ್ಮ ಭಾಷಾ ಆಡಾಕ ಹೋಗಬ್ಯಾಡ್ರಿ ಡಾಕ್ಟರ್ರ, ನಾಟಕ ಆಕ್ಕತಿ. ನಿಮ್ಮ ಭಾಷಾದಾಗ ಕೇಳ್ರಿ. ತ್ರಾಸ, ಆರಾಮ ಎರಡ ಶಬ್ದ ನಮ್ಮವು ತಗೋರಿ, ಸಾಕು.’

ಮಧ್ಯಾಹ್ನ ಸುಮ್ಮನಿರುವ ಅಭ್ಯಾಸ. ರೋಗಿ ಮಾತು ಶುರುಮಾಡಿದ ಮೇಲೆ ಡಾಕ್ಟರ್‌ಗಳು ಸರಾಸರಿ 18 ಸೆಕೆಂಡಿಗೆ ನಡುವೆ ಬಾಯಿ ಹಾಕುತ್ತಾರೆ ಅಂತ ಬೆಕ್‌ಮನ್ ಮತ್ತು ಫ್ರಾಂಕೆಲ್ ಅಮೆರಿಕದಲ್ಲಿ 1984ರಲ್ಲೇ ತೋರಿಸಿದ್ದರು. ನಮ್ಮ ಓಪಿಡಿಗಳಲ್ಲಿ ಯಾರಾದರೂ 18 ಸೆಕೆಂಡು ಕಾದರೆ ನಾನು ಸಿಹಿ ಹಂಚುತ್ತೇನೆ. ಡಾಕ್ಟರ್ ಆ ಕುರ್ಚಿಯ ಅಜ್ಜನಿಗೆ ಹೇಳಿದರು, ‘ನೀವು ಹೀಗೇ ಇರಲಿ ಅಂತ ನನ್ನ ಆಸೆ. ಆದ್ರೆ ಮುಂದಿನ ಸಲ ದಮ್ಮು ಇದಕ್ಕಿಂತ ಜೋರಾಗಬಹುದು ಅನ್ನೋ ಹೆದರಿಕೆನೂ ಇದೆ.’ ಮಾತು ಚೆನ್ನಾಗಿತ್ತು. ಸಿಸ್ಟರ್ ತಲೆ ತಗ್ಗಿಸಿದರು. ಮೂರನೇ ಸೆಕೆಂಡಿಗೆ ಡಾಕ್ಟರ್, ‘ಆದ್ರೆ ಧೈರ್ಯವಾಗಿರಿ, ಒಳ್ಳೊಳ್ಳೆ ಔಷಧಿ ಇದೆ.’ ನಿಲ್ಲಿಸಿ ಅಂದೆ. ಮತ್ತೆ. ಐದು ಸೆಕೆಂಡು. ಮತ್ತೆ. ನಾಲ್ಕನೇ ಸಲ ಹನ್ನೊಂದು ಸೆಕೆಂಡು ಕಾದರು. ಗಡಿಯಾರ ನೋಡಿಕೊಂಡು ಎದುರಿನವರ ಮುಂದೆ ಒಮ್ಮೆ ಹಾಗೆ ಕೂತು ನೋಡಿ, ಎಷ್ಟು ಉದ್ದ ಅಂತ ಗೊತ್ತಾಗುತ್ತೆ. ಹನ್ನೊಂದು ಆದ ಮೇಲೆ ಸಿಸ್ಟರ್ ತಲೆ ಎತ್ತಿ, ‘ಜೋರಾದ್ರ ಏನ ಮಾಡತೀರಿ ಯವ್ವಾ?’ ಅಂದರು. ಅಲ್ಲಿಗೆ ಪ್ರಶ್ನೆ ರೋಗಿಯ ಕಡೆಯಿಂದಲೇ ಬಂದ ಹಾಗಾಯಿತು.

ಚಪ್ಪಲಿ ಜಾಗದ ಮಾತುಕತೆಗೂ ಮರಳಿದೆವು. ‘ಡಿಸಿಷನ್ ನಿಮ್ಮದು’ ಅನ್ನೋದು ರೋಗಿಯ ಹಕ್ಕಿಗೆ ಕೊಟ್ಟ ಗೌರವ ಅಂತ ಅಲ್ಲಿದ್ದ ಹಲವರು ನಂಬಿದ್ದರು. ನನ್ನ ಮಟ್ಟಿಗೆ ಅದು ಭಾರವನ್ನು ಮಗನ ಹೆಗಲಿಗೆ ದಾಟಿಸೋದು. ಅವನು ‘ನೀವ ಹೇಳ್ರಿ’ ಅಂದದ್ದು ಸರಿಯಾದ ಮಾತು. ಮೊದಲು ಆ ಮನುಷ್ಯನಿಗೆ ಏನು ಮುಖ್ಯ ಅಂತ ಕೇಳಿ, ಆಮೇಲೆ ಡಾಕ್ಟರ್ ತನ್ನ ಸಲಹೆ ಇಂಥದ್ದು ಅಂತ ಬಾಯಿಬಿಟ್ಟು ಹೇಳಬೇಕು. ಇದಕ್ಕೆ ಒಪ್ಪದವರೂ ಇದ್ದರು, ಚಹಾ ಆರುವ ತನಕ ವಾದ ನಡೆಯಿತು.

ಕಟ್ಟೆಯ ಮೇಲೆ

ತರಬೇತಿ ಮುಗಿದ ಮೇಲೆ ಒಂದು ಭಾನುವಾರ ಸಂಜೆ, ಡಾಕ್ಟರ್ ತಮ್ಮ ವಾರ್ಡಿನ ಸಿಸ್ಟರ್ ಜೊತೆ ರೋಗಿಯ ಮನೆಗೆ ಹೋದರು. ಅವರು ಅದೇ ರಾತ್ರಿ ಬರೆದಿಟ್ಟ ಟಿಪ್ಪಣಿ ನೋಡಿಕೊಂಡು ಹೇಳುತ್ತಿದ್ದೇನೆ.

ಬಾಗಿಲಲ್ಲೇ ಮಗ ತಡೆದ. ‘ನಮ್ಮಪ್ಪಗ ಏನೂ ಹೇಳಬ್ಯಾಡ್ರಿ ಡಾಕ್ಟರ್ರ. ಧೈರ್ಯ ಕಳಕೊಂತಾನ.’ ಇದನ್ನೂ ಅಭ್ಯಾಸ ಮಾಡಿಸಿದ್ದೆವು. ಡಾಕ್ಟರ್ ವಾದಕ್ಕಿಳಿಯಲಿಲ್ಲ. ‘ನಾನಾಗಿ ಏನೂ ಹೇರಲ್ಲ. ಅವರಿಗೆ ಎಷ್ಟು ಗೊತ್ತಿದೆ ಅಂತ ಕೇಳ್ತೀನಿ. ಅವರೇ ಕೇಳಿದ್ರೆ ಸುಳ್ಳು ಹೇಳಲ್ಲ. ನೀವು ಪಕ್ಕದಲ್ಲೇ ಇರಿ.’

ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. ಆಕ್ಸಿಜನ್ ಪೈಪು ಕಿಟಕಿಯಿಂದ ಹೊರಗೆ ಬಂದಿತ್ತು. ಹೆಂಡತಿ ಪಕ್ಕದಲ್ಲಿ ಕೂತು ಬೀಸಣಿಕೆಯಿಂದ ಮುಖಕ್ಕೆ ಗಾಳಿ ಹಾಕುತ್ತಿದ್ದರು. ಯಾರೂ ಕಲಿಸದಿದ್ದರೂ ಸರಿಯಾದ ಚಿಕಿತ್ಸೆ ಅದು. ಮುಖಕ್ಕೆ ಬೀಸುವ ಗಾಳಿ ಏದುಸಿರಿನ ಒದ್ದಾಟವನ್ನು ನಿಜಕ್ಕೂ ತಗ್ಗಿಸುತ್ತೆ.

‘ಅಜ್ಜಾರೇ, ನಿಮ್ಮ ಕಾಯಿಲೆ ಬಗ್ಗೆ ನಿಮಗೇನನ್ಸುತ್ತೆ?’

‘ಮುಗೀತ ಬಂತು ಬಿಡವ್ವಾ. ಇವಂಗ ಹೇಳಬ್ಯಾಡ, ಅಂಜತಾನ.’

ಮಗ ಎರಡು ಅಡಿ ಆಚೆ ನಿಂತಿದ್ದ. ಸರಕ್ಕನೆ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಮುಖ ತೊಳೆದುಕೊಂಡು ಬಂದು ಅಪ್ಪನ ಕಾಲ ಬಳಿ ಕೂತ.

ರಾತ್ರಿ ತಲೆಯಲ್ಲಿ ಏನು ಓಡುತ್ತೆ ಅಂದಾಗ ಬಂದ ಉತ್ತರಕ್ಕೆ ಯಾವ ಹಾಳೆಯಲ್ಲೂ ಜಾಗ ಇಲ್ಲ. ‘ಅಡತಿ ಅಂಗಡ್ಯಾಗ ನಂದು ನಲವತ್ತ ಸಾವಿರ ಬಾಕಿ ಐತಿ.’ ಆ ಸಾಲ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರ್ ಅದನ್ನೂ ಬರೆದುಕೊಂಡರು.

ಆಮೇಲೆ ಅವರು ವೆಂಟಿಲೇಟರ್ ಮಾತು ಎತ್ತಲಿಲ್ಲ. ‘ಆಸ್ಪತ್ರೆಯಲ್ಲಿ ಯಾವುದು ಭಾಳ ತ್ರಾಸ ಆಯ್ತು ಅಜ್ಜಾರೇ?’ ಅಂತ ಕೇಳಿ ಸುಮ್ಮನಾದರು. ಈ ಸಲ ಅವರು ಸೆಕೆಂಡು ಎಣಿಸಲಿಲ್ಲವಂತೆ. ಅಜ್ಜ ಎರಡೂ ಕೈ ಮುಂದೆ ಚಾಚಿ, ಮಣಿಕಟ್ಟು ಮೇಲೆ ಮಾಡಿ ತೋರಿಸಿದರು.

‘ಕೈ ಕಟ್ಟಿದ್ರು.’

ಎರಡನೇ ಅಡ್ಮಿಷನ್ ಬೇರೊಂದು ಆಸ್ಪತ್ರೆಯಲ್ಲಿ ಆಗಿತ್ತು. ಬೈಪ್ಯಾಪ್ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು, ಗಾಳಿ ಒತ್ತಿ ನುಗ್ಗುತ್ತೆ. ಕಾರ್ಬನ್ ಡೈಆಕ್ಸೈಡ್ ಏರಿ ತಲೆ ಗೊಂದಲದಲ್ಲಿರುವವರಿಗೆ ಯಾರೋ ಉಸಿರುಗಟ್ಟಿಸುತ್ತಿದ್ದಾರೆ ಅನಿಸುತ್ತೆ, ಕಿತ್ತೆಸೆಯುತ್ತಾರೆ. ಇವರೂ ಕಿತ್ತಿದ್ದರು. ಬ್ಯಾಂಡೇಜ್ ಬಟ್ಟೆಯಿಂದ ಎರಡೂ ಕೈಗಳನ್ನು ಮಂಚದ ಸರಳಿಗೆ ಕಟ್ಟಿದ್ದರು, ಎರಡು ರಾತ್ರಿ. ‘ಮಾಸ್ಕ ಹಾಕ್ರಿ, ಸೂಜಿ ಚುಚ್ಚರಿ, ಏನರ ಮಾಡ್ರಿ. ಕೈ ಕಟ್ಟಬ್ಯಾಡ್ರಿ.’

ಡಾಕ್ಟರ್ ಅಲ್ಲಿಂದ ಮುಂದೆ ಹೋದರು. ಗಂಟಲಿಗೆ ನಳಿ ಹಾಕಿದರೆ ಮಾತಾಡೋಕೆ ಆಗಲ್ಲ, ನಿದ್ದೆ ಔಷಧಿ ಕೊಡಬೇಕಾಗುತ್ತೆ, ಇಂಥ ಶ್ವಾಸಕೋಶದಲ್ಲಿ ಆ ನಳಿ ಮತ್ತೆ ತೆಗೆಯೋದು ಕಷ್ಟ ಆಗಬಹುದು, ಕೈ ಕಟ್ಟುವ ಸಂದರ್ಭವೂ ಬರಬಹುದು ಅಂತ ಬಿಡಿಬಿಡಿಯಾಗಿ ಹೇಳಿದರು. ‘ನೀವು ಹೇಳಿದ್ದೆಲ್ಲ ಕೇಳಿ ನನ್ನ ಸಲಹೆ ಇದು. ದಮ್ಮು ಜೋರಾದ್ರೆ ಬನ್ನಿ, ಮಾಸ್ಕ್ ಹಾಕೋಣ, ತ್ರಾಸ ಕಡಿಮೆ ಮಾಡೋಣ. ನಳಿ ಬೇಡ ಅನ್ಸುತ್ತೆ ನನಗೆ.’

‘ಮಾಸ್ಕಿಗೆ ಆದ್ರ ಆತು. ಇಲ್ಲಾಂದ್ರ ಮನಿಗೆ ಒಯ್ರಿ’ ಅಂದರು ಅಜ್ಜ.

ಕಾಗದ

ಇದನ್ನು ಕಾಗದಕ್ಕೆ ಇಳಿಸುವ ದಾರಿ ಈಗ ಇದೆ. ನಮ್ಮ ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬೈಗೆ ಹೋಗಿದ್ದ ನರ್ಸ್ ಅರುಣಾ ಶಾನಭಾಗ್ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್, ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸೋದಕ್ಕೆ ಮೊದಲ ಬಾಗಿಲು ತೆರೆಯಿತು. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಅನ್ನೋ ಸಂಸ್ಥೆಯ ಅರ್ಜಿಯ ತೀರ್ಪಿನಲ್ಲಿ ಲಿವಿಂಗ್ ವಿಲ್‌ಗೆ, ಅಂದರೆ ಮುಂದೆ ತನಗೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಕಾಗದಕ್ಕೆ, ಮಾನ್ಯತೆ ಸಿಕ್ಕಿತು. ಆದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಯಾರು ಅಲೆದಾಡ್ತಾರೆ? 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದರು. ಈಗ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. 2025ರ ಜನವರಿ ಕೊನೆಗೆ ಕರ್ನಾಟಕ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ತನಗೆ ತಿಳಿವು ತಪ್ಪಿದಾಗ ತನ್ನ ಪರವಾಗಿ ಮಾತಾಡುವವರನ್ನು ರೋಗಿ ಹೆಸರಿಸಬೇಕು. ಇವರು ಮಗನನ್ನೂ ರಾಣೆಬೆನ್ನೂರಿಗೆ ಕೊಟ್ಟ ಮಗಳನ್ನೂ ಹೆಸರಿಸಿದರು.

ಮೊದಲು ಹೋದ ನೋಟರಿ ಇದನ್ನು ಆಸ್ತಿಯ ಮೃತ್ಯುಪತ್ರ ಅಂದುಕೊಂಡು ಹೊಲದ ಸರ್ವೆ ನಂಬರ್ ಕೇಳಿದರಂತೆ. ಕೊನೆಗೆ ಪರಿಚಯದ ಒಬ್ಬ ಗೆಜೆಟೆಡ್ ಅಧಿಕಾರಿ ಸಹಿ ಹಾಕಿದರು. ಕಾಗದದ ಕೆಳಗೆ, ಯಾವ ನಮೂನೆಯಲ್ಲೂ ಇಲ್ಲದ ಒಂದು ಸಾಲನ್ನು ಡಾಕ್ಟರ್ ಕೈಯಲ್ಲೇ ಬರೆದು ಸೇರಿಸಿದರು: ಕೈ ಕಟ್ಟಬಾರದು.

ನಾಲ್ಕು ತಿಂಗಳ ಮೇಲೆ

ಚಳಿಗಾಲ. ಮತ್ತೆ ರಾತ್ರಿ. ನಮ್ಮ ಡಾಕ್ಟರ್ ರಜೆಯಲ್ಲಿದ್ದರು. ಡ್ಯೂಟಿಯಲ್ಲಿದ್ದವರು ತರಬೇತಿಗೆ ಬಂದವರಲ್ಲ. ಕಾಗದದ ಪ್ರತಿ ಓಪಿಡಿ ಕಪಾಟಿನಲ್ಲಿ, ಕಪಾಟಿಗೆ ಬೀಗ. ಪುಣ್ಯಕ್ಕೆ ಮಗನ ಮೊಬೈಲಿನಲ್ಲಿ ಫೋಟೋ ಇತ್ತು. ಜೊತೆಗೆ ಬಂದಿದ್ದ ಕಾಕಾ ಎಲ್ಲರ ಮುಂದೆ ಕೇಳಿದರು, ‘ರೊಕ್ಕ ಉಳಸಾಕ ಹಿಂಗ ಮಾಡತೀಯೇನಲೇ?’

‘ಅಪ್ಪನ ಕೇಳ್ರಿ ಕಾಕಾ’ ಅಂದ ಮಗ.

ಅಪ್ಪನಿಗೆ ಎಚ್ಚರ ಇತ್ತು. ಲಿವಿಂಗ್ ವಿಲ್ ಜಾರಿಗೆ ಬರುವುದು ರೋಗಿಗೆ ತಾನೇ ನಿರ್ಧರಿಸುವ ಶಕ್ತಿ ಹೋದ ಮೇಲೆ. ಶಕ್ತಿ ಇರುವ ತನಕ ಅವರ ಬಾಯಿಮಾತೇ ನಡೆಯುತ್ತೆ. ಮಾಸ್ಕ್ ಸರಿಸಿ ಡ್ಯೂಟಿ ಡಾಕ್ಟರ್ ಕೇಳಿದರು. ಅಜ್ಜ ಗಂಟಲು ಮುಟ್ಟಿ ‘ಇದು ಬ್ಯಾಡ’ ಅಂದರು. ಕೇಸ್ ಶೀಟಿನಲ್ಲಿ ಬರೆದು ಹೆಬ್ಬೆಟ್ಟು ತಗೊಂಡರು. ಕಾಕಾ ಆಮೇಲೆ ಮಾತಾಡಲಿಲ್ಲ, ರಾತ್ರಿಯೆಲ್ಲ ಹೊರಗಿನ ಬೆಂಚಿನ ಮೇಲೆ ಕೂತಿದ್ದರು.

ಕೈ ಕಟ್ಟಲಿಲ್ಲ. ಒಂದು ಕೈ ಹೆಂಡತಿ ಹಿಡಿದುಕೊಂಡಿದ್ದರು, ಇನ್ನೊಂದು ಸರದಿಯ ಮೇಲೆ ಮಗ, ಮಗಳು. ಐಸಿಯು ಒಳಗೆ ಮನೆಯವರನ್ನು ಬಿಡಲು ವಾರ್ಡಿನ ಸಿಸ್ಟರ್ ಮೇಲಿನವರ ಜೊತೆ ಜಗಳವಾಡಬೇಕಾಯಿತು. ಆಗಾಗ ಮಾಸ್ಕ್ ತೆಗೆದು ಎರಡು ಗುಟುಕು ನೀರು. ಏದುಸಿರಿಗೆ ಸಣ್ಣ ಪ್ರಮಾಣದ ಮಾರ್ಫಿನ್. ಎರಡನೇ ದಿನ ಮಂಪರು ಹೆಚ್ಚಾಯಿತು. ಈಗ ಕಾಗದದ ಕಾಲ. ಅದಕ್ಕೆ ಆಸ್ಪತ್ರೆಯ ಡಾಕ್ಟರ್‌ಗಳ ಒಂದು ಮಂಡಳಿ, ಅದರ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಡಾಕ್ಟರ್ ಇರುವ ಇನ್ನೊಂದು ಮಂಡಳಿ ಒಪ್ಪಬೇಕು. ಮಂಡಳಿಗಳ ತಜ್ಞರಿಗೆ ಕನಿಷ್ಠ ಐದು ವರ್ಷದ ಅನುಭವ ಇರಬೇಕು. ದೊಡ್ಡ ಊರಿನಲ್ಲಿ ಸರಿ. ಇಲ್ಲಿ ಮೊದಲ ಮಂಡಳಿಗೆ ಮೂರನೆಯವರು ಸಿಗುವ ಮೊದಲೇ, ಮೂರನೇ ದಿನ ನಸುಕಿನಲ್ಲಿ, ಅವರು ಮಾಸ್ಕಿನಲ್ಲೇ ತೀರಿಕೊಂಡರು.

ಮನೆಗೆ ಒಯ್ಯಲು ಆಗಲಿಲ್ಲ. ಬೈಪ್ಯಾಪ್ ಇರುವ ಆಂಬುಲೆನ್ಸ್ ಆ ರಾತ್ರಿ ಸಿಗಲಿಲ್ಲ, ಸಿಗುತ್ತೆ ಅಂತ ಕಾದದ್ದೇ ತಪ್ಪಾಯಿತು. ನಮ್ಮ ಡಾಕ್ಟರ್ ಇದನ್ನು ತಮ್ಮ ಸೋಲು ಅಂತಲೇ ಬರೆದಿದ್ದಾರೆ. ಮೊದಲ ದಿನವೇ ಮಾಸ್ಕ್ ಬಿಟ್ಟು, ಆಕ್ಸಿಜನ್ ಮತ್ತು ಮಾರ್ಫಿನ್ ಮೇಲೆ ಮನೆಗೆ ಕಳಿಸುವ ಮಾತನ್ನು ಕಟ್ಟೆಯ ಮೇಲೆ ಆಡಿಯೇ ಇರಲಿಲ್ಲ. ನಮ್ಮ ಹಾಳೆಯಲ್ಲೂ ಆ ಪ್ರಶ್ನೆ ಇರಲಿಲ್ಲ. ಈಗ ಸೇರಿಸಿದ್ದೇವೆ: ‘ಮನಿಗೆ ಯಾವಾಗ ಒಯ್ಯೂಣು?’ ಕಾಗದದ ಪ್ರತಿ ಈಗ ಕಪಾಟಿನ ಬದಲು ಕ್ಯಾಷುವಾಲ್ಟಿಯ ರಿಜಿಸ್ಟರಿಗೆ ಪಿನ್ ಆಗಿರುತ್ತೆ. ಅಡತಿ ಅಂಗಡಿಯ ಲೆಕ್ಕವನ್ನು ಆ ಭಾನುವಾರದ ಮರುವಾರವೇ ಮಗ ಚುಕ್ತಾ ಮಾಡಿದ್ದ. ಅಪ್ಪನನ್ನೂ ಆಟೋದಲ್ಲಿ ಕರೆದುಕೊಂಡು ಹೋಗಿ ಪುಸ್ತಕದಲ್ಲಿ ಗೆರೆ ಹೊಡೆಸಿದ್ದ.

ಮುಂದಿನ ತರಬೇತಿ ಗದಗಿನಲ್ಲಿ ಆಯಿತು. ಈ ಪ್ರಕರಣ ಹೇಳಿ ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬ ಐಸಿಯು ನರ್ಸ್ ಕೈ ಎತ್ತಿದರು. ರಾತ್ರಿ ಪಾಳಿಯಲ್ಲಿ ಎಂಟು ಮಂಚಕ್ಕೆ ಇಬ್ಬರೇ ಇರ್ತೀವಿ ಅಂದರು. ‘ಕೈ ಕಟ್ಟದ ಮಾಸ್ಕ ಹೆಂಗ ನಿಲ್ಲಸೂದ್ರಿ, ಅದನ್ನ ಹೇಳ್ರಿ ಮೊದಲ.’ ಆ ಮಧ್ಯಾಹ್ನದ ಪಾಠ ಬಿಟ್ಟು ಅದರ ಮೇಲೇ ಕೂತೆವು.